ಹಸಿಯೆಂಡಾ: ಮ್ಯಾಂಚೆಸ್ಟರಿನ ನೃತ್ಯಸಂಗೀತ ಕ್ಲಬ್

ಹಸಿಯೆಂಡಾ ಇಂಗ್ಲೆಂಡಿನ ಮ್ಯಾಂಚೆಸ್ಟರ್ ನಗರದ ವಿಟ್‌ವರ್ತ್ ಸ್ಟ್ರೀಟ್ ವೆಸ್ಟ್ ರಸ್ತೆಯಲ್ಲಿ 1982ರಿಂದ 1997ರವರೆಗೆ ನಡೆದ ನೈಟ್‌ಕ್ಲಬ್. ಫ್ಯಾಕ್ಟರಿ ರೆಕಾರ್ಡ್ಸ್ ಎಂಬ ಧ್ವನಿಮುದ್ರಣ ಸಂಸ್ಥೆ ಮತ್ತು ನ್ಯೂ ಆರ್ಡರ್ ಎಂಬ ವಾದ್ಯತಂಡ ಸೇರಿ ಇದನ್ನು ಕಟ್ಟಿದವು. ಅಮೆರಿಕದ ಷಿಕಾಗೋದಲ್ಲಿ ಹುಟ್ಟಿದ ಹೌಸ್ ಸಂಗೀತ ಬ್ರಿಟನ್ನಿನಲ್ಲಿ ಬೇರೂರಿದ್ದು ಕೆಲವೇ ಸ್ಥಳಗಳಲ್ಲಿ. ಅವುಗಳಲ್ಲಿ ಇದು ಮುಖ್ಯವಾದದ್ದು. 1980ರ ದಶಕದ ಕೊನೆಯಲ್ಲಿ ಬ್ರಿಟನ್ನಿನ ಯುವಜನರ ಉಡುಪು, ಕುಣಿತ ಮತ್ತು ರಾತ್ರಿಬದುಕನ್ನು ಬದಲಿಸಿದ ಅಲೆಗೆ ಇದು ಒಂದು ಕೇಂದ್ರವಾಗಿತ್ತು. ವ್ಯಾಪಾರವಾಗಿ ನೋಡಿದರೆ ಹಸಿಯೆಂಡಾ ಬಹುತೇಕ ಉದ್ದಕ್ಕೂ ನಷ್ಟದಲ್ಲೇ ನಡೆಯಿತು. ಆದರೂ ಗಿರಣಿಗಳು ಮುಚ್ಚಿ ಸೊರಗಿದ್ದ ಒಂದು ನಗರಕ್ಕೆ ಹೊಸ ಗುರುತನ್ನು ಕೊಟ್ಟ ಸಂಸ್ಥೆಗಳ ಸಾಲಿನಲ್ಲಿ ಅದಕ್ಕೆ ಗೌರವದ ಸ್ಥಾನವಿದೆ.

ನಗರದ ಹಿನ್ನೆಲೆ

ಹತ್ತೊಂಬತ್ತನೆಯ ಶತಮಾನದಲ್ಲಿ ಮ್ಯಾಂಚೆಸ್ಟರ್ ಜಗತ್ತಿನ ಹತ್ತಿಬಟ್ಟೆಯ ರಾಜಧಾನಿಯಾಗಿತ್ತು. ಬಟ್ಟೆ ಗಿರಣಿಗಳಿಂದ ಬೆಳೆದ ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಕರೆಯುವ ರೂಢಿ ಬಂದದ್ದು ಈ ಖ್ಯಾತಿಯಿಂದಲೇ. 1804ರಲ್ಲಿ ಪೂರ್ಣಗೊಂಡ ರಾಕ್‌ಡೇಲ್ ಕಾಲುವೆ, 1830ರಲ್ಲಿ ಲಿವರ್‌ಪೂಲಿಗೆ ಹಾಕಿದ ರೈಲುಮಾರ್ಗ, ಅವುಗಳ ಅಕ್ಕಪಕ್ಕ ಎದ್ದ ಕೆಂಪು ಇಟ್ಟಿಗೆಯ ಗೋದಾಮುಗಳು ನಗರದ ಸಿರಿಯ ಕುರುಹುಗಳಾಗಿದ್ದವು. ಎರಡನೆಯ ಮಹಾಯುದ್ಧದ ನಂತರ ಹತ್ತಿ ಉದ್ಯಮ ಕುಸಿಯಿತು. 1970ರ ದಶಕದ ಹೊತ್ತಿಗೆ ನಗರದ ನಡುವೆಯೇ ಗೋದಾಮುಗಳು ಬೀಗ ಹಾಕಿಕೊಂಡು ನಿಂತಿದ್ದವು. 1982ರಲ್ಲಿ ಬ್ರಿಟನ್ನಿನ ನಿರುದ್ಯೋಗಿಗಳ ಸಂಖ್ಯೆ 30 ಲಕ್ಷ ದಾಟಿತು. ಇಂಗ್ಲೆಂಡಿನ ಉತ್ತರ ಭಾಗಕ್ಕೆ ಆ ಹೊಡೆತ ಹೆಚ್ಚಾಗಿಯೇ ಬಿತ್ತು.

ಇಷ್ಟಾದರೂ ಆ ಊರಿನಲ್ಲಿ ಕುಣಿತದ ಸಂಪ್ರದಾಯ ಬತ್ತಿರಲಿಲ್ಲ. 1963ರಲ್ಲಿ ಆರಂಭವಾದ ಟ್ವಿಸ್ಟೆಡ್ ವ್ಹೀಲ್ ಕ್ಲಬ್ಬಿನಲ್ಲಿ ಕಾರ್ಮಿಕ ಕುಟುಂಬಗಳ ಯುವಕರು ಅಮೆರಿಕದ ಕಪ್ಪು ಕಲಾವಿದರ ಸೋಲ್ ಹಾಡುಗಳಿಗೆ ಬೆಳಗಿನವರೆಗೂ ಕುಣಿಯುತ್ತಿದ್ದರು. ನಾರ್ದರ್ನ್ ಸೋಲ್ ಎಂದು ಹೆಸರಾದ ಈ ಒಲವು ಮುಂದೆ ಹತ್ತಿರದ ವಿಗನ್ ಪಟ್ಟಣದ ಕಸಿನೋ ಕ್ಲಬ್ಬಿನಲ್ಲಿ 1981ರವರೆಗೂ ಮುಂದುವರಿಯಿತು. ಕೆರಿಬಿಯನ್ ಮೂಲದ ಕುಟುಂಬಗಳು ನೆಲೆಸಿದ್ದ ಮಾಸ್ ಸೈಡ್, ಹಲ್ಮ್ ಬಡಾವಣೆಗಳಲ್ಲಿ ರೆಗ್ಗೆ, ಫಂಕ್, ಸೋಲ್ ಸಂಗೀತದ ಕ್ಲಬ್ಬುಗಳಿದ್ದವು. ದೂರದ ಅಮೆರಿಕದಿಂದ ಬಂದ ಹೊಸ ರೆಕಾರ್ಡನ್ನು ಹುಡುಕಿ ತಂದು, ಅದಕ್ಕೆ ತಕ್ಕ ಹೆಜ್ಜೆಯನ್ನು ತಾವೇ ಕಟ್ಟಿಕೊಳ್ಳುವ ಅಭ್ಯಾಸ ಹಸಿಯೆಂಡಾಕ್ಕಿಂತ ಮೊದಲೇ ಇಲ್ಲಿನ ಜನರಲ್ಲಿತ್ತು. ಹೌಸ್ ಸಂಗೀತಕ್ಕೆ ಈ ನಗರ ಅಷ್ಟು ಬೇಗ ಕಿವಿಗೊಟ್ಟದ್ದಕ್ಕೆ ಇದೇ ಮುಖ್ಯ ಕಾರಣ.

ಫ್ಯಾಕ್ಟರಿ ರೆಕಾರ್ಡ್ಸ್

1976ರ ಜೂನ್ 4ರಂದು ಮ್ಯಾಂಚೆಸ್ಟರಿನ ಲೆಸರ್ ಫ್ರೀ ಟ್ರೇಡ್ ಹಾಲ್‌ನಲ್ಲಿ ಲಂಡನ್ನಿನ ಸೆಕ್ಸ್ ಪಿಸ್ಟಲ್ಸ್ ತಂಡ ಹಾಡಿತು. ಸೇರಿದ್ದವರು ಕೆಲವೇ ಮಂದಿ. ಅವರಲ್ಲಿದ್ದ ಬರ್ನಾರ್ಡ್ ಸಮ್ನರ್ ಮತ್ತು ಪೀಟರ್ ಹುಕ್ ತಾವೂ ತಂಡ ಕಟ್ಟಬಹುದೆಂದು ಹೊರಟರು. ಅದು ಜಾಯ್ ಡಿವಿಷನ್ ತಂಡವಾಯಿತು. ಗ್ರನಾಡಾ ಟೆಲಿವಿಷನ್ನಿನ ನಿರೂಪಕ ಟೋನಿ ವಿಲ್ಸನ್ ಮತ್ತು ಆತನ ಗೆಳೆಯ ಅಲನ್ ಎರಾಸ್ಮಸ್ 1978ರಲ್ಲಿ ಹಲ್ಮ್ ಬಡಾವಣೆಯ ಒಂದು ಕ್ಲಬ್ಬಿನಲ್ಲಿ ಫ್ಯಾಕ್ಟರಿ ಎಂಬ ಹೆಸರಿನ ಸಂಗೀತ ಸಂಜೆಗಳನ್ನು ಶುರುಮಾಡಿದರು. ಅದೇ ಹೆಸರಿನ ರೆಕಾರ್ಡ್ ಸಂಸ್ಥೆ ಅದರಿಂದ ಹುಟ್ಟಿತು. ವಿನ್ಯಾಸಕಾರ ಪೀಟರ್ ಸ್ಯಾವಿಲ್, ಧ್ವನಿಮುದ್ರಣ ನಿರ್ದೇಶಕ ಮಾರ್ಟಿನ್ ಹ್ಯಾನೆಟ್, ಜಾಯ್ ಡಿವಿಷನ್ನಿನ ವ್ಯವಸ್ಥಾಪಕ ರಾಬ್ ಗ್ರೆಟನ್ ಪಾಲುದಾರರಾದರು. ಪ್ಯಾಲಟೈನ್ ರಸ್ತೆಯಲ್ಲಿದ್ದ ಎರಾಸ್ಮಸ್‌ನ ಬಾಡಿಗೆ ಮನೆಯೇ ಕಚೇರಿಯಾಗಿತ್ತು.

ಸಂಸ್ಥೆಯ ನಡೆ ಅಂದಿನ ಸಂಗೀತೋದ್ಯಮಕ್ಕೆ ಹೊಸದು. ಕಲಾವಿದರ ಜತೆ ದೀರ್ಘಾವಧಿಯ ಕರಾರುಗಳಿಲ್ಲ. ಖರ್ಚು ಕಳೆದು ಉಳಿದ ಲಾಭ ಇಬ್ಬರಿಗೂ ಸಮಪಾಲು. ಸಂಗೀತದ ಒಡೆತನ ಕಲಾವಿದರದ್ದೇ. ತಾನು ಮಾಡಿದ ಪ್ರತಿಯೊಂದಕ್ಕೂ ಫ್ಯಾಕ್ಟರಿ ಒಂದು ಕ್ರಮಸಂಖ್ಯೆ ಕೊಡುತ್ತಿತ್ತು. ರೆಕಾರ್ಡುಗಳಿಗೆ ಮಾತ್ರವಲ್ಲದೆ ಭಿತ್ತಿಪತ್ರಗಳಿಗೆ, ಒಂದು ಮೊಕದ್ದಮೆಗೆ, ಮುಂದೆ ಕ್ಲಬ್ಬಿನಲ್ಲಿ ಸಾಕಿದ ಬೆಕ್ಕಿಗೂ ಸಂಖ್ಯೆ ಸಿಕ್ಕಿತು. ಹಸಿಯೆಂಡಾದ ಸಂಖ್ಯೆ 51.

1980ರ ಮೇ 18ರಂದು ಜಾಯ್ ಡಿವಿಷನ್ನಿನ ಗಾಯಕ ಇಯಾನ್ ಕರ್ಟಿಸ್ ತೀರಿಕೊಂಡ. ಉಳಿದವರು ಗಿಲಿಯನ್ ಗಿಲ್ಬರ್ಟ್‌ಳನ್ನು ಸೇರಿಸಿಕೊಂಡು ನ್ಯೂ ಆರ್ಡರ್ ಆದರು. ನ್ಯೂಯಾರ್ಕಿನಲ್ಲಿ ಕಾರ್ಯಕ್ರಮ ಕೊಡಲು ಹೋದಾಗ ತಂಡದವರೂ ಗ್ರೆಟನ್ನನೂ ಪ್ಯಾರಡೈಸ್ ಗರಾಜ್, ಡ್ಯಾನ್ಸಟೀರಿಯಾ, ಫನ್ ಹೌಸ್ ಮುಂತಾದ ಕ್ಲಬ್ಬುಗಳನ್ನು ಕಂಡರು. ಅಲ್ಲಿ ಒಂದೇ ಸೂರಿನಡಿ ವಾದ್ಯತಂಡವೂ ಡಿಜೆಯೂ, ಬಡವನೂ ಬಲ್ಲಿದನೂ, ಕಪ್ಪು ಮತ್ತು ಬಿಳಿಯ ಜನರೂ ಇರುತ್ತಿದ್ದರು. ಮ್ಯಾಂಚೆಸ್ಟರಿನ ಡಿಸ್ಕೋಗಳಲ್ಲಿ ಆಗ ಜೀನ್ಸ್ ತೊಟ್ಟವರನ್ನು ಬಾಗಿಲಲ್ಲೇ ತಡೆಯುವುದು ವಾಡಿಕೆ. ತಮ್ಮಂಥವರು ಹೋಗಬಹುದಾದ ಜಾಗ ಊರಿನಲ್ಲಿಲ್ಲ, ತಾವೇ ಕಟ್ಟಬೇಕು ಎಂದು ಗ್ರೆಟನ್ ಹಟ ಹಿಡಿದ. ನಗರ ನಮಗೆ ಕೊಟ್ಟದ್ದನ್ನು ನಗರಕ್ಕೇ ಮರಳಿಸಬೇಕು ಎಂಬುದು ಅವನ ಮತ್ತು ವಿಲ್ಸನ್ನನ ನಿಲುವಾಗಿತ್ತು. ಕ್ಲಬ್ಬಿಗೆ ಹಾಕುವ ಹಣದಲ್ಲಿ ಧ್ವನಿಮುದ್ರಣಕ್ಕೆ ಬೇಕಾದ ಹೊಸ ಬಗೆಯ ಯಂತ್ರ ಕೊಳ್ಳಬೇಕೆಂದಿದ್ದ ಹ್ಯಾನೆಟ್ ಇದನ್ನು ಒಪ್ಪದೆ ನ್ಯಾಯಾಲಯದ ಮೆಟ್ಟಿಲೇರಿದ. ಮೇಲೆ ಹೇಳಿದ ಸಂಖ್ಯೆಯುಳ್ಳ ಮೊಕದ್ದಮೆ ಇದೇ.

ಕ್ಲಬ್ಬಿನ ಹೆಸರು ಬಂದದ್ದು ಇವಾನ್ ಶೆಗ್ಲೋವ್ 1953ರಲ್ಲಿ ಹೊಸ ನಗರಗಳ ಬಗ್ಗೆ ಬರೆದ ಪ್ರಣಾಳಿಕೆಯೊಂದರಿಂದ. ಪ್ಯಾರಿಸ್ಸಿನ ಸಿಚುಯೇಷನಿಸ್ಟ್ ಚಿಂತಕರ ವಲಯದಲ್ಲಿ ಪ್ರಚಲಿತವಾಗಿದ್ದ ಆ ಬರಹ ಬೇಸರ ಹುಟ್ಟಿಸುವ ನಗರಗಳ ಬದಲು ಜನರ ಕಲ್ಪನೆಯನ್ನು ಕೆರಳಿಸುವ ಕಟ್ಟಡಗಳು ಬೇಕೆಂದು ವಾದಿಸುತ್ತಿತ್ತು. ವಿಲ್ಸನ್ ಅದನ್ನು ಅಕ್ಷರಶಃ ನಂಬಿದವನು.

ಕಟ್ಟಡ ಮತ್ತು ವಿನ್ಯಾಸ

ಆರಿಸಿಕೊಂಡ ಕಟ್ಟಡ ರಾಕ್‌ಡೇಲ್ ಕಾಲುವೆಯ ಪಕ್ಕದ್ದು; ಹಿಂದೆ ವಿಹಾರದೋಣಿಗಳ ಮಾರಾಟ ಮಳಿಗೆ ಮತ್ತು ಗೋದಾಮಾಗಿತ್ತು. ಒಳವಿನ್ಯಾಸದ ಹೊಣೆಯನ್ನು ಸ್ಯಾವಿಲ್ ತನ್ನ ಪರಿಚಯದ ಬೆನ್ ಕೆಲಿಗೆ ಕೊಡಿಸಿದ. ಅಂದಿನ ನೈಟ್‌ಕ್ಲಬ್ಬುಗಳೆಂದರೆ ತಗ್ಗಿದ ಚಾವಣಿ, ಮಂದ ಬೆಳಕು, ಮಖಮಲ್ಲಿನ ಪರದೆ, ರತ್ನಗಂಬಳಿ. ಕೆಲಿ ಇವೆಲ್ಲವನ್ನೂ ಬಿಟ್ಟ. ಎತ್ತರದ ಚಾವಣಿಯನ್ನೂ ಅದರ ಗಾಜಿನ ಬೆಳಕಿಂಡಿಗಳನ್ನೂ ಉಕ್ಕಿನ ಕಂಬಗಳನ್ನೂ ಇದ್ದ ಹಾಗೇ ಉಳಿಸಿಕೊಂಡ. ಗೋಡೆಗಳಿಗೆ ಬೂದು ಮಿಶ್ರಿತ ತಿಳಿನೀಲಿ ಬಣ್ಣ ಬಳಿಸಿದ. ಕಂಬಗಳು ನೃತ್ಯಾಂಗಣದ ನಡುವೆಯೇ ನಿಂತಿದ್ದರಿಂದ ಕುಣಿಯುವವರು ಡಿಕ್ಕಿ ಹೊಡೆಯದಂತೆ, ಕಾರ್ಖಾನೆಗಳಲ್ಲಿ ಅಪಾಯ ಸೂಚಿಸಲು ಬಳಿಯುವ ಹಳದಿ ಮತ್ತು ಕಪ್ಪು ಓರೆ ಪಟ್ಟಿಗಳನ್ನು ಅವುಗಳಿಗೆ ಬಳಿಸಿದ. ಅಂಗಣದ ಅಂಚಿಗೆ ರಸ್ತೆಯ ಮೋಟುಗಂಬಗಳನ್ನು ನೆಡಿಸಿ, ಹೆದ್ದಾರಿಯಲ್ಲಿ ಹೊಳೆಯುವ ಪ್ರತಿಫಲಕಗಳನ್ನು ಕೂರಿಸಿದ. ಸುರಕ್ಷತೆಗಾಗಿ ಬಳಿದ ಆ ಪಟ್ಟಿಗಳೇ ಮುಂದೆ ಹಸಿಯೆಂಡಾದ ಲಾಂಛನವಾದವು.

ಹೊರಗೆ ಮಿನುಗುವ ಫಲಕವಿರಲಿಲ್ಲ. ಬಾಗಿಲ ಬಳಿ ಹೆಸರೂ ಸಂಖ್ಯೆಯೂ ಕೊರೆದ ಸಣ್ಣ ಕಲ್ಲಿನ ಪಟ್ಟಿಯಷ್ಟೇ ಇತ್ತು. ಒಳಗಿನ ಮೂರು ಬಾರ್‌ಗಳಿಗೆ ಸೋವಿಯೆತ್ ಪರ ಬೇಹುಗಾರಿಕೆ ಮಾಡಿದ ಬ್ರಿಟಿಷರ ನೆನಪಿನ ಹೆಸರುಗಳಿದ್ದವು: ಕಿಮ್ ಫಿಲ್ಬಿ, ಗೈ ಬರ್ಜೆಸ್‌ನ ಗುಪ್ತನಾಮ ಹಿಕ್ಸ್, ಮತ್ತು ಆಂಟನಿ ಬ್ಲಂಟ್‌ನನ್ನು ಕುರಿತ ಗೇ ಟ್ರೇಟರ್. ನೆಲಮಾಳಿಗೆಯಲ್ಲಿ ಕೆಲಕಾಲ ಸ್ವಿಂಗ್ ಎಂಬ ಕ್ಷೌರದಂಗಡಿಯೂ ನಡೆಯಿತು. ಕಟ್ಟಡದ ವೆಚ್ಚ ಮೊದಲ ಅಂದಾಜನ್ನು ಎಷ್ಟೋ ಪಟ್ಟು ಮೀರಿ 3 ಲಕ್ಷ ಪೌಂಡ್ ದಾಟಿತು. ನ್ಯೂ ಆರ್ಡರ್ ಮತ್ತು ಫ್ಯಾಕ್ಟರಿಯ ಗಳಿಕೆಯ ಮೇಲೆ ಬಿಯರ್ ಕಂಪನಿಯ ಸಾಲವೂ ಸೇರಿತು. ಈ ಸಾಲದ ಭಾರ ಕ್ಲಬ್ಬಿನ ಬೆನ್ನಿನಿಂದ ಕೊನೆಯವರೆಗೂ ಇಳಿಯಲಿಲ್ಲ.

ಮೊದಲ ವರ್ಷಗಳು

1982ರ ಮೇ 21ರ ಉದ್ಘಾಟನೆಗೆ ಹಳೆಯ ಕಾಲದ ಹಾಸ್ಯನಟ ಬರ್ನಾರ್ಡ್ ಮ್ಯಾನಿಂಗ್‌ನನ್ನು ಕರೆಸಲಾಗಿತ್ತು. ಸಭೆ ಆತನಿಗೆ ಸ್ಪಂದಿಸಲಿಲ್ಲ. ಆತ ಸಂಭಾವನೆ ಹಿಂದಿರುಗಿಸಿ ಹೊರಟುಹೋದ. ಅಂದು ನುಡಿಸಿದ್ದು ನ್ಯೂಯಾರ್ಕಿನ ಬ್ರಾಂಕ್ಸ್ ಪ್ರದೇಶದ ಅಕ್ಕತಂಗಿಯರ ತಂಡ ಇಎಸ್‌ಜಿ. ಅದರ ನಂಟು ಫಂಕ್ ಲಯದೊಂದಿಗೂ ಪಂಕ್‌ನೊಂದಿಗೂ ಇತ್ತು. ಮೊದಲ ಡಿಜೆ ಹ್ಯೂವನ್ ಕ್ಲಾರ್ಕ್. ಗೋಡೆಗಳ ಮೇಲೆ ಬಿಂಬಗಳನ್ನು ಹರಿಯಬಿಡುವ ಕೆಲಸ ಫ್ರಾನ್ಸಿನ ಕ್ಲೋಡ್ ಬೆಸಿಯದು.

ಮುಂದಿನ ನಾಲ್ಕು ವರ್ಷ ಹಸಿಯೆಂಡಾ ಬಹುಪಾಲು ಖಾಲಿಯಾಗಿತ್ತು. ಗೋದಾಮಿನಲ್ಲಿ ದನಿ ಗೋಡೆಗೆ ಬಡಿದು ಮರಳುತ್ತಿದ್ದುದರಿಂದ ವಾದ್ಯತಂಡಗಳ ನುಡಿಸಾಣಿಕೆ ಸ್ಪಷ್ಟವಾಗಿ ಕೇಳುತ್ತಿರಲಿಲ್ಲ. ಚಳಿಗಾಲದಲ್ಲಿ ಒಳಗೆ ಕೊರೆಯುವ ಥಂಡಿ. ಡಿಜೆಯ ಕೋಣೆ ವೇದಿಕೆಯ ಪಕ್ಕದ ಗೂಡಿನಂಥ ಜಾಗದಲ್ಲಿದ್ದು, ಅಲ್ಲಿಂದ ಕುಣಿಯುವವರು ಸರಿಯಾಗಿ ಕಾಣುತ್ತಿರಲಿಲ್ಲ. ಅದನ್ನು ಬಾಲ್ಕನಿಗೆ ಸ್ಥಳಾಂತರಿಸಿದ ಮೇಲೆ ಡಿಜೆಗೂ ಜನಕ್ಕೂ ನೇರ ಸಂಬಂಧ ಸಾಧ್ಯವಾಯಿತು. ಕಾರ್ಯಕ್ರಮಗಳನ್ನು ಗೊತ್ತುಮಾಡುತ್ತಿದ್ದ ಮೈಕ್ ಪಿಕರಿಂಗ್‌ನ ಅಭಿರುಚಿ ಮಾತ್ರ ಅಸಾಧಾರಣವಾಗಿತ್ತು. 1983ರಲ್ಲಿ ಊರಿನದೇ ತಂಡವಾದ ದಿ ಸ್ಮಿತ್ಸ್ ಮೂರು ಬಾರಿ ಹಾಡಿತು. 1984ರ ಜನವರಿಯಲ್ಲಿ ಚಾನಲ್ 4 ವಾಹಿನಿಯ ದಿ ಟ್ಯೂಬ್ ಕಾರ್ಯಕ್ರಮಕ್ಕಾಗಿ ಮಡೋನಾ ಇಲ್ಲಿ ಹಾಡಿ ಕುಣಿದಳು. ಬ್ರಿಟನ್ನಿನಲ್ಲಿ ಆಗಿನ್ನೂ ಅವಳನ್ನು ಬಲ್ಲವರು ಕಡಿಮೆ.

ನಷ್ಟವನ್ನು ತುಂಬಿಕೊಟ್ಟದ್ದು ನ್ಯೂ ಆರ್ಡರ್. 1983ರ ಮಾರ್ಚ್‌ನಲ್ಲಿ ಬಂದ ತಂಡದ ಬ್ಲೂ ಮಂಡೇ ಹಾಡು ಬ್ರಿಟನ್ನಿನಲ್ಲಿ ಅತಿ ಹೆಚ್ಚು ಮಾರಾಟವಾದ 12 ಇಂಚಿನ ಸಿಂಗಲ್ ಎಂಬ ದಾಖಲೆ ಪಡೆಯಿತು. ಡ್ರಮ್ ಮಷೀನ್ ಮತ್ತು ಸಿಂಥಸೈಜರ್‌ಗಳ ಮೇಲೆ ಕಟ್ಟಿದ ಆ ಹಾಡು ನ್ಯೂಯಾರ್ಕಿನ ಕ್ಲಬ್ಬುಗಳಲ್ಲಿ ತಂಡದವರು ಕಲಿತ ಪಾಠದ ಫಲ. ಹೀಗೆ ಕ್ಲಬ್ಬಿನಲ್ಲಿ ಹುಟ್ಟಿದ ಸಂಗೀತದ ಆದಾಯ ಮತ್ತೆ ಕ್ಲಬ್ಬಿಗೇ ಹರಿಯಿತು.

ಹೌಸ್ ಸಂಗೀತದ ಆಗಮನ

ಹೌಸ್ ಸಂಗೀತದ ಮೂಲ ಷಿಕಾಗೋ. 1979ರ ಜುಲೈನಲ್ಲಿ ಆ ನಗರದ ಬೇಸ್‌ಬಾಲ್ ಮೈದಾನದಲ್ಲಿ ಡಿಸ್ಕೋ ರೆಕಾರ್ಡುಗಳ ರಾಶಿಯನ್ನು ಸಿಡಿಸಿ ಸುಟ್ಟ ಪ್ರಸಂಗದ ನಂತರ ದೊಡ್ಡ ಕಂಪನಿಗಳು ಡಿಸ್ಕೋದಿಂದ ಹಿಂದೆ ಸರಿದವು. ಆದರೆ ಕಪ್ಪು ಮತ್ತು ಲ್ಯಾಟಿನೋ ಸಮುದಾಯಗಳ ಸಲಿಂಗಿ ಯುವಕರು ಸೇರುತ್ತಿದ್ದ ವೇರ್‌ಹೌಸ್ ಕ್ಲಬ್ಬಿನಲ್ಲಿ 1977ರಿಂದ 1982ರವರೆಗೆ ಡಿಜೆಯಾಗಿದ್ದ ಫ್ರ್ಯಾಂಕಿ ನಕಲ್ಸ್ ಡಿಸ್ಕೋವನ್ನು ಬಿಡಲಿಲ್ಲ. ಹಳೆಯ ರೆಕಾರ್ಡುಗಳನ್ನು ತುಂಡರಿಸಿ ಜೋಡಿಸಿ, ಕೆಳಗೆ ಡ್ರಮ್ ಮಷೀನಿನ ಬಡಿತ ಸೇರಿಸಿ ಹೊಸ ರೂಪ ಕೊಟ್ಟ. ಇದರಿಂದ ಬೆಳೆದ ಶೈಲಿಯೇ ಹೌಸ್. ನಿಮಿಷಕ್ಕೆ ಸುಮಾರು 120 ಬಡಿತ, ನಾಲ್ಕು ಮಾತ್ರೆಯ ಪ್ರತಿ ಮಾತ್ರೆಗೂ ಬೀಳುವ ಗಟ್ಟಿ ಪೆಟ್ಟು, ಚರ್ಚಿನ ಹಾಡಿಕೆಯ ನೆನಪು ತರುವ ಕಂಠ ಇದರ ಲಕ್ಷಣಗಳು. ರೋಲಂಡ್ ಕಂಪನಿಯ ಟಿಬಿ-303 ಎಂಬ ಬಾಸ್ ಯಂತ್ರದ ಗುಂಡಿಗಳನ್ನು ತಿರುವುತ್ತ ಹೊರಡಿಸಿದ ಕೀರಲು ದನಿಯಿಂದ ಆಸಿಡ್ ಹೌಸ್ ಎಂಬ ಕವಲು ಒಡೆಯಿತು. ಫ್ಯೂಚರ್ ತಂಡ 1987ರಲ್ಲಿ ಹೊರತಂದ ಆಸಿಡ್ ಟ್ರ್ಯಾಕ್ಸ್ ಅದರ ಮೊದಲ ಹೆಗ್ಗುರುತು.

ಹಸಿಯೆಂಡಾ ಇದಕ್ಕೆ ಹದಗೊಂಡದ್ದು ಹಂತಹಂತವಾಗಿ. ನಗರದ ಲೆಜೆಂಡ್ ಕ್ಲಬ್ಬಿನಲ್ಲಿ ಎಲೆಕ್ಟ್ರೋ ಸಂಗೀತ ಹಾಕಿ ಹೆಸರಾಗಿದ್ದ ಗ್ರೆಗ್ ವಿಲ್ಸನ್ 1983ರಲ್ಲಿ ಇಲ್ಲಿ ಶುಕ್ರವಾರದ ರಾತ್ರಿಗಳನ್ನು ನಡೆಸಿದ. ಮುಂದೆ ಪಿಕರಿಂಗ್ ಶುಕ್ರವಾರಕ್ಕೇ ನ್ಯೂಡ್ ಎಂಬ ರಾತ್ರಿಯನ್ನು ಆರಂಭಿಸಿ, ಆಗ ಪಾಪ್ ತಾರೆಯರ ಮೇಲಿದ್ದ ಗಮನವನ್ನು ರೆಕಾರ್ಡುಗಳತ್ತ ತಿರುಗಿಸಿದ. 1986ರಲ್ಲಿ ನಾಟಿಂಗ್‌ಹ್ಯಾಮಿನಿಂದ ಬಂದ ಪಾಲ್ ಮೇಸನ್ ವ್ಯವಸ್ಥಾಪಕನಾದ ಮೇಲೆ ವಾದ್ಯತಂಡಗಳಿಗಿಂತ ಡಿಜೆ ರಾತ್ರಿಗಳಿಗೆ ಆದ್ಯತೆ ಸಿಕ್ಕಿತು. ಗುರುವಾರ ಡೇವ್ ಹ್ಯಾಸ್ಲಮ್ ನಡೆಸಿದ ಟೆಂಪರೆನ್ಸ್ ಕ್ಲಬ್ ವಿದ್ಯಾರ್ಥಿಗಳನ್ನು ಸೆಳೆಯಿತು. ಶುಕ್ರವಾರ ಷಿಕಾಗೋದಿಂದ ಬಂದ ಹೊಸ ರೆಕಾರ್ಡುಗಳು ಮೊಳಗುತ್ತಿದ್ದವು. 1987ರಲ್ಲಿ ಷಿಕಾಗೋದ ಹೌಸ್ ಕಲಾವಿದರೇ ಇಲ್ಲಿಗೆ ಬಂದು ಕಾರ್ಯಕ್ರಮ ಕೊಟ್ಟರು.

ಹೌಸ್ ಸಂಗೀತವನ್ನು ಮೊದಲು ಎದೆಗೆ ಹಚ್ಚಿಕೊಂಡವರು ಮಾಸ್ ಸೈಡ್, ಹಲ್ಮ್ ಕಡೆಯ ಕಪ್ಪು ಯುವಕ ಯುವತಿಯರು ಎಂಬುದನ್ನು ಒತ್ತಿ ಹೇಳಬೇಕು. 1986 ಮತ್ತು 1987ರ ನ್ಯೂಡ್ ರಾತ್ರಿಗಳಲ್ಲಿ ನೃತ್ಯಾಂಗಣದ ನಡುವೆ ಜಾಜ್ ಮತ್ತು ಫಂಕ್ ಹೆಜ್ಜೆಗಳನ್ನು ಹೌಸ್ ಲಯಕ್ಕೆ ಹೊಂದಿಸಿ ತೋರಿಸಿದವರು ಅವರು. 1988ರ ನಂತರ ನೆರೆದ ಭಾರಿ ಜನಸಂದಣಿಯಲ್ಲಿ ಅವರು ಅಂಚಿಗೆ ಸರಿದರು. ಪತ್ರಿಕೆಗಳಲ್ಲಿ ಬಂದ ಕಥನಗಳೂ ಅವರನ್ನು ಬಹುಕಾಲ ಮರೆತವು. ಕ್ಲಬ್ಬಿನ ಡಿಜೆಗಳೇ ಈಚೆಗೆ ಬರೆದ ನೆನಪುಗಳಲ್ಲಿ ಈ ಋಣ ದಾಖಲಾಗುತ್ತಿರುವುದು ಸರಿಯಾದ ಕೆಲಸ.

1988 ಮತ್ತು ಅನಂತರ

1988ರ ಬೇಸಿಗೆಯಲ್ಲಿ ಎರಡು ಧಾರೆಗಳು ಕೂಡಿದವು. ಸ್ಪೇನಿನ ಇಬಿಜಾ ದ್ವೀಪದಲ್ಲಿ ರಜೆ ಕಳೆದು ಬಂದವರು ಅಲ್ಲಿನ ಬಯಲು ಕ್ಲಬ್ಬುಗಳ ಮುಕ್ತ ವಾತಾವರಣದ ಹಂಬಲವನ್ನು ಹೊತ್ತು ತಂದರು. ಎಕ್ಸ್‌ಟಸಿ ಎಂದು ಕರೆಯುವ ಎಂಡಿಎಂಎ ಮಾತ್ರೆಯೂ ಅದೇ ಹೊತ್ತಿಗೆ ಬ್ರಿಟನ್ನಿನ ಕ್ಲಬ್ಬುಗಳಲ್ಲಿ ಹರಡಿತು. ಜುಲೈನಲ್ಲಿ ಹಸಿಯೆಂಡಾ ಬುಧವಾರದ ಹಾಟ್ ಎಂಬ ರಾತ್ರಿಯನ್ನು ಆರಂಭಿಸಿತು. ಪಿಕರಿಂಗ್ ಮತ್ತು ಜಾನ್ ಡಸಿಲ್ವಾ ಡಿಜೆಗಳು. ನೃತ್ಯಾಂಗಣದ ಪಕ್ಕದಲ್ಲೊಂದು ಪುಟ್ಟ ಈಜುಕೊಳವನ್ನೂ ಇರಿಸಿದ್ದರು. ನಾಲ್ಕು ವರ್ಷ ಬಿಕೋ ಎನ್ನುತ್ತಿದ್ದ ಗೋದಾಮಿನ ಮುಂದೆ ಈಗ ಉದ್ದನೆಯ ಸಾಲು ನಿಲ್ಲತೊಡಗಿತು. ಆ ಚಾವಣಿಯ ಎತ್ತರ, ಗೋಡೆಗಳ ಮಾರ್ದನಿ, ಮಂಜು ಯಂತ್ರದ ಹೊಗೆಯಲ್ಲಿ ಕಾಣುವ ಹಳದಿ ಕಪ್ಪು ಕಂಬಗಳು, ವಾದ್ಯತಂಡಗಳಿಗೆ ತೊಡಕಾಗಿದ್ದ ಎಲ್ಲವೂ ಹೌಸ್ ಸಂಗೀತಕ್ಕೆ ಹೇಳಿ ಮಾಡಿಸಿದಂತಿದ್ದವು.

ಕುಣಿತದ ರೀತಿಯೂ ಬದಲಾಯಿತು. ಹಿಂದೆ ಡಿಸ್ಕೋಗಳಲ್ಲಿ ಗಂಡುಹೆಣ್ಣು ಜೋಡಿಯಾಗಿಯೋ ಗೆಳತಿಯರು ಗುಂಪಾಗಿಯೋ ಅಂಗಣಕ್ಕಿಳಿಯುತ್ತಿದ್ದರು. ಗಂಡಸರಲ್ಲಿ ಅನೇಕರು ಬಾರ್ ಬಳಿ ನಿಂತು ನೋಡುತ್ತಿದ್ದರು. ಈಗ ಜೋಡಿಯ ಹಂಗಿಲ್ಲದೆ ಪ್ರತಿಯೊಬ್ಬರೂ ಕುಣಿದರು. ಮೆಟ್ಟಿಲು, ಬಾಲ್ಕನಿ, ವೇದಿಕೆ ಎಲ್ಲವೂ ನೃತ್ಯಾಂಗಣವಾಯಿತು. ಸೂಟು ಟೈಗಳ ಬದಲು ಬೆವರು ಹೀರುವ ಸಡಿಲ ಟೀ ಷರ್ಟು, ಅಗಲ ಕಾಲಿನ ಪ್ಯಾಂಟು ಬಂದವು. ಪಿಕರಿಂಗ್‌ಗೆ ಜತೆಯಾದ ಗ್ರೇಮ್ ಪಾರ್ಕ್ ಎರಡು ರೆಕಾರ್ಡುಗಳ ಲಯ ಕೂಡಿಸಿ ಒಂದರೊಳಗೆ ಇನ್ನೊಂದನ್ನು ಕರಗಿಸುವುದರಲ್ಲಿ ನಿಷ್ಣಾತ. ಪರವಾನಗಿಯ ಪ್ರಕಾರ ಬೆಳಗಿನ ಜಾವ 2 ಗಂಟೆಗೆ ಬಾಗಿಲು ಹಾಕಬೇಕಿತ್ತು. ಆದ್ದರಿಂದ ಸಿಕ್ಕ ಕೆಲವೇ ಗಂಟೆಗಳನ್ನು ಏರುದನಿಯಲ್ಲಿ ಕಟ್ಟಿ, ಕೊನೆಯ ಹಾಡನ್ನು ಜೋಪಾನವಾಗಿ ಆರಿಸುವುದು ಡಿಜೆಯ ಕಸುಬುಗಾರಿಕೆಯಾಯಿತು. ರೆಕಾರ್ಡ್ ಹಾಕುವವನು ತೆರೆಮರೆಯ ಸಹಾಯಕ ಎಂಬ ಭಾವನೆ ಹೋಗಿ, ಅವನೇ ಆ ರಾತ್ರಿಯ ಕಲಾವಿದ ಎಂಬ ಮನ್ನಣೆ ಬಂದದ್ದು ಈ ಕಾಲದಲ್ಲಿ.

ನೃತ್ಯಾಂಗಣದಿಂದ ಹೊಸ ಸಂಗೀತ ಹುಟ್ಟಿತು. ಪಿಕರಿಂಗ್ ಮತ್ತು ಗೆಳೆಯರ ಟಿ-ಕಾಯ್ ತಂಡ 1987ರಲ್ಲಿ ಹೊರತಂದ ಕರೀನೋ ಬ್ರಿಟನ್ನಿನ ಮೊದಲ ಹೌಸ್ ರೆಕಾರ್ಡುಗಳಲ್ಲಿ ಒಂದು. ಮಾಸ್ ಸೈಡಿನಲ್ಲಿ ಬೆಳೆದ ಎ ಗೈ ಕಾಲ್ಡ್ ಜೆರಾಲ್ಡ್ 1988ರಲ್ಲಿ ವೂಡೂ ರೇ ಮಾಡಿದ. ಆತನೂ ಮೊದಲಿಗೆ ಸದಸ್ಯನಾಗಿದ್ದ 808 ಸ್ಟೇಟ್ ತಂಡದ ಪೆಸಿಫಿಕ್ ಸ್ಟೇಟ್ 1989ರಲ್ಲಿ ಬಂತು. ಹ್ಯಾಪಿ ಮಂಡೇಸ್, ಸ್ಟೋನ್ ರೋಸಸ್ ತಂಡಗಳು ಗಿಟಾರ್ ಸಂಗೀತಕ್ಕೆ ಕುಣಿತದ ಲಯ ಬೆರೆಸಿದವು. ಇವೆಲ್ಲ ಸೇರಿ ಮ್ಯಾಡ್‌ಚೆಸ್ಟರ್ ಎಂಬ ಅಡ್ಡಹೆಸರಿನಿಂದ ಜಗತ್ತಿಗೆ ತಿಳಿದವು. 1987ರಲ್ಲಿ ಇಲ್ಲಿ ಡಿಜೆಯಾಗಿ ಪಳಗಿದ ಲೋರಾಂ ಗಾರ್ನಿಯೇ ಫ್ರಾನ್ಸಿನ ಟೆಕ್ನೋ ಸಂಗೀತದ ಹಿರಿಯನಾದ. 1989ರಲ್ಲಿ ಮ್ಯಾಂಚೆಸ್ಟರಿನ ವಿಶ್ವವಿದ್ಯಾಲಯ ಸೇರಿ ಈ ಕ್ಲಬ್ಬಿಗೆ ಬರುತ್ತಿದ್ದ ಟಾಮ್ ರೋಲಂಡ್ಸ್ ಮತ್ತು ಎಡ್ ಸೈಮನ್ಸ್ ಮುಂದೆ ಕೆಮಿಕಲ್ ಬ್ರದರ್ಸ್ ಆದರು. ಪಿಕರಿಂಗ್ ಸ್ವತಃ ಎಂ ಪೀಪಲ್ ತಂಡ ಕಟ್ಟಿ ಹೌಸ್ ಸಂಗೀತವನ್ನು ಮನೆಮನೆಯ ರೇಡಿಯೋಗೆ ತಲುಪಿಸಿದ.

ಹಣದ ಲೆಕ್ಕ

ಕಿಕ್ಕಿರಿದ ಈ ವರ್ಷಗಳಲ್ಲೂ ಕ್ಲಬ್ಬಿನ ಖಜಾನೆ ತುಂಬಲಿಲ್ಲ. ನೈಟ್‌ಕ್ಲಬ್ಬುಗಳ ಆದಾಯದ ಬೆನ್ನೆಲುಬು ಪ್ರವೇಶಧನಕ್ಕಿಂತ ಬಾರ್‌ನ ಮದ್ಯ ಮಾರಾಟ. ಎಕ್ಸ್‌ಟಸಿ ತೆಗೆದುಕೊಂಡವರು ಮದ್ಯ ಮುಟ್ಟದೆ ನೀರು ಕುಡಿಯುತ್ತಿದ್ದರು. ಹಣ ಮಾತ್ರೆ ಮಾರುವವರ ಜೇಬು ಸೇರಿತು; ಬಾಡಿಗೆ, ವಿದ್ಯುತ್, ಕಾವಲಿನ ಖರ್ಚು ಕ್ಲಬ್ಬಿಗೆ ಉಳಿಯಿತು. ಒಡೆಯರಿಗೆ ವ್ಯಾಪಾರದ ಅನುಭವವಿರಲಿಲ್ಲ. ಗೆಳೆಯರಿಗೆ ಬಿಟ್ಟಿ ಪ್ರವೇಶ, ಸಡಿಲ ಲೆಕ್ಕಪತ್ರ, ಒಂದು ನಷ್ಟ ತೀರುವ ಮೊದಲೇ ಇನ್ನೊಂದು ಯೋಜನೆ ಇವೆಲ್ಲ ಸೇರಿದವು. 1989ರಲ್ಲಿ ಓಲ್ಡಮ್ ಸ್ಟ್ರೀಟಿನಲ್ಲಿ ಡ್ರೈ ಎಂಬ ಬಾರ್, ಅದರ ಬೆನ್ನಿಗೇ ಚಾರ್ಲ್ಸ್ ಸ್ಟ್ರೀಟಿನಲ್ಲಿ ದುಬಾರಿ ಕಚೇರಿ ಎದ್ದವು. ಪೀಟರ್ ಹುಕ್ ಮುಂದೆ ಬರೆದ ಪುಸ್ತಕಕ್ಕೆ ಕ್ಲಬ್ ಹೇಗೆ ನಡೆಸಬಾರದು ಎಂಬರ್ಥದ ಉಪಶೀರ್ಷಿಕೆ ಕೊಟ್ಟ. ಒಟ್ಟು ನಷ್ಟ 1.8 ಕೋಟಿ ಪೌಂಡ್ ಮುಟ್ಟಿರಬಹುದೆಂಬುದು ಅವನ ಅಂದಾಜು.

1992ರ ನವೆಂಬರ್‌ನಲ್ಲಿ ಫ್ಯಾಕ್ಟರಿ ರೆಕಾರ್ಡ್ಸ್ ದಿವಾಳಿಯಾಯಿತು. ಅದನ್ನು ಕೊಳ್ಳಲು ಮುಂದೆ ಬಂದಿದ್ದ ಲಂಡನ್ ರೆಕಾರ್ಡ್ಸ್‌ಗೆ ಹಾಡುಗಳ ಒಡೆತನ ಕಲಾವಿದರಲ್ಲೇ ಇದೆಯೆಂದು ತಿಳಿದಾಗ ಕೊಳ್ಳುವಂಥದ್ದು ಹೆಚ್ಚೇನೂ ಉಳಿದಿರಲಿಲ್ಲ. ಹದಿನಾಲ್ಕು ವರ್ಷ ಹಿಂದೆ ಕಲಾವಿದರ ಮೇಲಿನ ವಿಶ್ವಾಸದಿಂದ ಮಾಡಿಕೊಂಡ ಏರ್ಪಾಟು ಸಂಸ್ಥೆಯನ್ನು ಉಳಿಸಲಿಲ್ಲ, ಆದರೆ ಕಲಾವಿದರ ಹಾಡುಗಳನ್ನು ಅವರ ಕೈಯಲ್ಲೇ ಉಳಿಸಿತು. ಕ್ಲಬ್ಬನ್ನು ಗ್ರೆಟನ್ ಮತ್ತು ನ್ಯೂ ಆರ್ಡರ್ ಮುಂದುವರಿಸಿದರು.

ಸಾವು, ಹಿಂಸೆ ಮತ್ತು ಪರವಾನಗಿ

1989ರ ಜುಲೈನಲ್ಲಿ ಕ್ಲಬ್ಬಿನಲ್ಲಿ ಎಕ್ಸ್‌ಟಸಿ ಮಾತ್ರೆ ಸೇವಿಸಿ ಕುಸಿದ 16 ವರ್ಷದ ಹುಡುಗಿಯೊಬ್ಬಳು ಆಸ್ಪತ್ರೆಯಲ್ಲಿ ತೀರಿಕೊಂಡಳು. ಈ ಮಾತ್ರೆಯಿಂದ ಬ್ರಿಟನ್ನಿನಲ್ಲಿ ಸಂಭವಿಸಿದ ಮೊದಲ ಸಾವುಗಳಲ್ಲಿ ಇದು ಒಂದು. ಮಾತ್ರೆಯ ಅಪಾಯ ದೇಹದ ಶಾಖ ಏರುವುದರಲ್ಲಿದೆ. ಕಿಕ್ಕಿರಿದು ಬಿಸಿಯಾದ ಅಂಗಣದಲ್ಲಿ ಗಂಟೆಗಟ್ಟಲೆ ಕುಣಿದಾಗ ಅದು ಇನ್ನಷ್ಟು ಹೆಚ್ಚುತ್ತದೆ. ತಂಪಾದ ವಿಶ್ರಾಂತಿ ಕೋಣೆ, ಬಿಟ್ಟಿ ಕುಡಿಯುವ ನೀರು, ಪ್ರಥಮ ಚಿಕಿತ್ಸೆ ಬಲ್ಲ ಸಿಬ್ಬಂದಿ ಇರಬೇಕೆಂಬ ಅರಿವು ಬ್ರಿಟನ್ನಿನ ಕ್ಲಬ್ಬುಗಳಲ್ಲಿ ಬೆಳೆದದ್ದು ಇಂಥ ಸಾವುಗಳ ನಂತರ. ಅದು ಮೊದಲೇ ಇದ್ದಿದ್ದರೆ ಕೆಲವು ಜೀವಗಳಾದರೂ ಉಳಿಯುತ್ತಿದ್ದವು.

ಮಾತ್ರೆಯ ವ್ಯಾಪಾರ ಗ್ಯಾಂಗುಗಳನ್ನು ಸೆಳೆಯಿತು. ಚೀಟಮ್ ಹಿಲ್, ಮಾಸ್ ಸೈಡ್, ಸ್ಯಾಲ್ಫರ್ಡ್ ಕಡೆಯ ತಂಡಗಳು ಕ್ಲಬ್ಬಿನ ಬಾಗಿಲ ಮೇಲಿನ ಹಿಡಿತಕ್ಕಾಗಿ ಕಾದಾಡಿದವು. ಒಳಗೆ ಯಾರನ್ನು ಬಿಡಬೇಕೆಂಬ ಅಧಿಕಾರ ಯಾರ ಕೈಯಲ್ಲಿದೆಯೋ ಮಾರಾಟವೂ ಅವರದೇ ಎಂಬುದು ಇದರ ಒಳಲೆಕ್ಕ. ಬಾಗಿಲು ಕಾಯುವವರಿಗೆ ಬಂದೂಕು ತೋರಿಸಿ ಬೆದರಿಸಿದ ಘಟನೆಗಳಾದವು. 1990ರಲ್ಲಿ ಗ್ರೇಟರ್ ಮ್ಯಾಂಚೆಸ್ಟರ್ ಪೊಲೀಸರು ಪರವಾನಗಿ ರದ್ದತಿಗೆ ಅರ್ಜಿ ಹಾಕಿದರು. ಆಗ ಅಲ್ಲಿನ ಮುಖ್ಯಸ್ಥ ಜೇಮ್ಸ್ ಆಂಡರ್ಟನ್. ಕ್ಲಬ್ಬಿನ ಪರ ಖ್ಯಾತ ವಕೀಲ ಜಾರ್ಜ್ ಕಾರ್ಮನ್ ವಾದಿಸಿದ. ನಗರಪಾಲಿಕೆಯ ನಾಯಕತ್ವವೂ ಬೆಂಬಲಕ್ಕೆ ನಿಂತಿತು. 1991ರ ಜನವರಿಯಲ್ಲಿ ಪರವಾನಗಿ ಉಳಿಯಿತು. ಆದರೆ ಅದೇ ತಿಂಗಳ ಕೊನೆಯಲ್ಲಿ, ಸಿಬ್ಬಂದಿಯ ಪ್ರಾಣಕ್ಕೇ ಅಪಾಯವಿದೆಯೆಂದು ಒಡೆಯರೇ ಬಾಗಿಲು ಹಾಕಿದರು. ಮೇ ತಿಂಗಳಲ್ಲಿ ಲೋಹಶೋಧಕ ಯಂತ್ರಗಳೊಂದಿಗೆ ಕ್ಲಬ್ ಮತ್ತೆ ತೆರೆಯಿತು.

ರಾಷ್ಟ್ರಮಟ್ಟದಲ್ಲೂ ಕಾನೂನು ಬಿಗಿಯಾಯಿತು. ಪರವಾನಗಿಯಿಲ್ಲದ ಮೋಜಿನಕೂಟಗಳಿಗೆ ದಂಡ ಹೆಚ್ಚಿಸಿದ 1990ರ ಕಾಯಿದೆಯ ನಂತರ, 1994ರ ಅಪರಾಧ ನ್ಯಾಯ ಕಾಯಿದೆ ರೇವ್ ಎಂದು ಕರೆಯುವ ಬಯಲಿನ ನೃತ್ಯಕೂಟಗಳನ್ನು ಚದುರಿಸುವ ಅಧಿಕಾರವನ್ನು ಪೊಲೀಸರಿಗೆ ಕೊಟ್ಟಿತು. ಮತ್ತೆಮತ್ತೆ ಬರುವ ಬಡಿತವುಳ್ಳ ಸಂಗೀತ ಎಂಬ ವರ್ಣನೆ ಒಂದು ಶಾಸನದಲ್ಲೇ ಸೇರಿತು. ಇದರಿಂದ ಜನ ಪರವಾನಗಿಯುಳ್ಳ ಕ್ಲಬ್ಬುಗಳತ್ತ ಮರಳಿದರೂ ಅವುಗಳ ಮೇಲಿನ ನಿಗಾ ಹೆಚ್ಚಿತು.

ಫ್ಲೆಶ್ ರಾತ್ರಿಗಳು

ಈ ಕಷ್ಟಕಾಲದಲ್ಲಿ ಹಸಿಯೆಂಡಾದ ಮೂಲ ಆಶಯವನ್ನು ಎತ್ತಿಹಿಡಿದದ್ದು 1991ರ ಕೊನೆಯಲ್ಲಿ ಪಾಲ್ ಕಾನ್ಸ್ ಮತ್ತು ಲೂಸಿ ಶೆರ್ ಆರಂಭಿಸಿದ ಫ್ಲೆಶ್ ಎಂಬ ಮಾಸಿಕ ಸಲಿಂಗಿ ರಾತ್ರಿ. ಸಲಿಂಗ ಸಂಬಂಧಗಳ ಪರವಾದ ಪ್ರಚಾರವನ್ನು ಸ್ಥಳೀಯ ಸಂಸ್ಥೆಗಳಿಗೆ ನಿಷೇಧಿಸಿದ 1988ರ ಸೆಕ್ಷನ್ 28 ಆಗ ಜಾರಿಯಲ್ಲಿತ್ತು. ಅದರ ವಿರುದ್ಧ ಬೃಹತ್ ಮೆರವಣಿಗೆ ನಡೆದ ಊರು ಮ್ಯಾಂಚೆಸ್ಟರ್. ಅಲ್ಲಿಯವರೆಗೆ ಸಣ್ಣ ಪುಟ್ಟ ಬಾರ್‌ಗಳಲ್ಲಿ ಮರೆಯಾಗಿದ್ದ ಸಮುದಾಯ ನಗರದ ಅತಿ ಹೆಸರಾಂತ ಕ್ಲಬ್ಬಿನಲ್ಲಿ ವಾರದ ನಡುವೆ, ಬುಧವಾರದಂದು, ತಲೆಯೆತ್ತಿ ಕುಣಿಯಿತು. ದೇಶದ ಬೇರೆ ಊರುಗಳಿಂದಲೂ ಜನ ಬಂದರು. ಗ್ಯಾಂಗುಗಳ ಕಾಟವಿಲ್ಲದ ರಾತ್ರಿಗಳೆಂದು ಇವು ಹೆಸರಾದವು. ಹೌಸ್ ಸಂಗೀತ ಹುಟ್ಟಿದ್ದೇ ಷಿಕಾಗೋದ ಸಲಿಂಗಿ ಕ್ಲಬ್ಬಿನಲ್ಲಿ ಎಂಬುದನ್ನು ನೆನೆದರೆ, ಫ್ಲೆಶ್ ಆ ಸಂಗೀತವನ್ನು ಅದರ ವಾರಸುದಾರರ ಬಳಿಗೆ ತಂದಿತು ಎನ್ನಬಹುದು. 1996ರವರೆಗೆ ಇದು ನಡೆಯಿತು.

ಮುಚ್ಚುಗಡೆ ಮತ್ತು ಅನಂತರದ ಬದುಕು

1990ರ ದಶಕದ ನಡುವಿನಲ್ಲಿ ಲಿವರ್‌ಪೂಲಿನ ಕ್ರೀಮ್, ಲಂಡನ್ನಿನ ಮಿನಿಸ್ಟ್ರಿ ಆಫ್ ಸೌಂಡ್‌ನಂಥ ವ್ಯಾಪಾರ ಬಲ್ಲ ಕ್ಲಬ್ಬುಗಳು ಮುಂದೆ ಬಂದವು. ಹಸಿಯೆಂಡಾದಲ್ಲಿ ಹಿಂಸೆ ನಿಲ್ಲಲಿಲ್ಲ, ಸಾಲ ತೀರಲಿಲ್ಲ. 1997ರ ಜೂನ್‌ನಲ್ಲಿ ಪರವಾನಗಿ ಪರಿಶೀಲನೆಗೆ ಬಂದಿದ್ದ ಅಧಿಕಾರಿಗಳ ಕಣ್ಣೆದುರೇ ಕ್ಲಬ್ಬಿನ ಹೊರಗೆ ಯುವಕನೊಬ್ಬನ ಮೇಲೆ ಕ್ರೂರ ಹಲ್ಲೆ ನಡೆಯಿತು. ಜೂನ್ 28ರ ರಾತ್ರಿಯೇ ಕೊನೆಯದಾಯಿತು. ಕಂಪನಿ ದಿವಾಳಿಯೆಂದು ಘೋಷಿತವಾಯಿತು. ಗ್ರೆಟನ್ 1999ರಲ್ಲಿ, ವಿಲ್ಸನ್ 2007ರ ಆಗಸ್ಟ್ 10ರಂದು ತೀರಿಕೊಂಡರು. ವಿಲ್ಸನ್ನನ ಶವಪೆಟ್ಟಿಗೆಗೂ 501 ಎಂಬ ಫ್ಯಾಕ್ಟರಿ ಸಂಖ್ಯೆ ಕೊಡಲಾಯಿತು.

ಕಟ್ಟಡವನ್ನು ಕೊಂಡ ನಿರ್ಮಾಣ ಕಂಪನಿ 2002ರಲ್ಲಿ ಅದನ್ನು ಕೆಡವಿ ಅದೇ ಜಾಗದಲ್ಲಿ ಹಸಿಯೆಂಡಾ ಹೆಸರಿನ ಅಪಾರ್ಟ್‌ಮೆಂಟುಗಳನ್ನು ಕಟ್ಟಿತು. ಅದಕ್ಕೆ ಮೊದಲು, 2000ರ ನವೆಂಬರ್‌ನಲ್ಲಿ, ಒಳಗಿನ ಸಾಮಾನುಗಳನ್ನು ಹರಾಜು ಹಾಕಿ ಬಂದ ಹಣವನ್ನು ದತ್ತಿ ಕಾರ್ಯಕ್ಕೆ ಕೊಡಲಾಯಿತು; ನೃತ್ಯಾಂಗಣದ ಹಲಗೆಗಳನ್ನೂ ಜನ ಕೊಂಡೊಯ್ದರು. ಕಾಲುವೆಯ ಬದಿಯ ಗೋಡೆಯಲ್ಲಿ ಕ್ಲಬ್ಬಿನ ಇತಿಹಾಸದ ಘಟನೆಗಳನ್ನು ಲೋಹದಲ್ಲಿ ಕೊರೆದಿದ್ದಾರೆ. ಮೈಕೆಲ್ ವಿಂಟರ್‌ಬಾಟಮ್ ನಿರ್ದೇಶನದ 24 ಅವರ್ ಪಾರ್ಟಿ ಪೀಪಲ್ ಚಿತ್ರಕ್ಕಾಗಿ ಇಡೀ ಒಳಾಂಗಣವನ್ನು ಮತ್ತೆ ಕಟ್ಟಿದರು. 2012ರಲ್ಲಿ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಸಂಗ್ರಹಾಲಯ ಬ್ರಿಟಿಷ್ ವಿನ್ಯಾಸದ ಪ್ರದರ್ಶನದಲ್ಲಿ ಅದರ ಒಂದು ಭಾಗವನ್ನು ಮರುಸೃಷ್ಟಿಸಿತು. 2016ರಿಂದ ಮ್ಯಾಂಚೆಸ್ಟರ್ ಕ್ಯಾಮರಾಟ ವಾದ್ಯವೃಂದ ಪಾರ್ಕ್ ಮತ್ತು ಪಿಕರಿಂಗ್ ಜತೆಗೂಡಿ ಕ್ಲಬ್ಬಿನ ಹಾಡುಗಳನ್ನು ಪಿಟೀಲು, ಚೆಲ್ಲೋಗಳಲ್ಲಿ ನುಡಿಸುತ್ತ ಬಂದಿದೆ. 2023ರಲ್ಲಿ ನಗರದಲ್ಲಿ ತೆರೆದ ದೊಡ್ಡ ಕಲಾಕೇಂದ್ರದ ಸಂಸ್ಥೆ ಫ್ಯಾಕ್ಟರಿ ಇಂಟರ್‌ನ್ಯಾಷನಲ್ ಎಂಬ ಹೆಸರನ್ನೇ ಆರಿಸಿಕೊಂಡಿತು.

ಮೌಲ್ಯಮಾಪನ

ಹಸಿಯೆಂಡಾದ ಸಾಧನೆ ಮೂರು ಬಗೆಯದು. ಪಾಳುಬಿದ್ದ ಕೈಗಾರಿಕಾ ಕಟ್ಟಡಕ್ಕೆ ಅದರ ಚಹರೆ ಅಳಿಸದೆ ಹೊಸ ಬಾಳು ಕೊಡಬಹುದೆಂದು ಅದು ತೋರಿಸಿತು. ಇಂದು ಮ್ಯಾಂಚೆಸ್ಟರಿನ ಗೋದಾಮುಗಳಲ್ಲಿ ಜನ ವಾಸವಾಗಿದ್ದಾರೆ, ಕಚೇರಿ ಅಂಗಡಿಗಳು ನಡೆಯುತ್ತಿವೆ. ಕಾಲುವೆಯ ಬದಿಗೆ ಜನರನ್ನು ಮರಳಿ ಕರೆತಂದವರಲ್ಲಿ ಈ ಕ್ಲಬ್ ಮೊದಲಿನದು. ಎರಡನೆಯದಾಗಿ, ಅಮೆರಿಕದ ಕಪ್ಪು ಸಮುದಾಯದ ಸಂಗೀತವನ್ನು ಅದು ಬ್ರಿಟನ್ನಿನ ಕಾರ್ಮಿಕ ನಗರವೊಂದರ ಸ್ವಂತ ಭಾಷೆಯಾಗಿಸಿತು. ಮೂರನೆಯದಾಗಿ, ಹಾಡಿನಿಂದ ಬಂದ ಹಣ ಹಾಡು ಹುಟ್ಟಿದ ಊರಿಗೇ ಸಲ್ಲಬೇಕೆಂಬ ತತ್ತ್ವವನ್ನು ಅದು ಹದಿನೈದು ವರ್ಷ ಪಾಲಿಸಿತು. ನ್ಯೂ ಆರ್ಡರ್ ಕಳೆದುಕೊಂಡ ಹಣ ಒಂದು ರೀತಿಯಲ್ಲಿ ನಗರದ ಯುವಜನರ ಮೇಲೆ ಹೂಡಿದ ಬಂಡವಾಳವಾಯಿತು. ಅಲ್ಲಿ ಕುಣಿದವರಲ್ಲಿ ಎಷ್ಟೋ ಮಂದಿ ಸಂಗೀತಗಾರರು, ವಿನ್ಯಾಸಕಾರರು, ಬರಹಗಾರರು, ಉದ್ಯಮಿಗಳು ಆದರು.

ಅದರ ವೈಫಲ್ಯವನ್ನೂ ಅಷ್ಟೇ ನೇರವಾಗಿ ದಾಖಲಿಸಬೇಕು. ಸಾವಿರಾರು ಜನ ಸೇರುವ ಜಾಗ ನಡೆಸುವವರು ಬಾಗಿಲಲ್ಲಿ ಯಾರಿದ್ದಾರೆ, ಒಳಗೆ ಗಾಳಿ ನೀರು ಸಾಕಷ್ಟಿದೆಯೇ, ಹಣ ಎಲ್ಲಿಗೆ ಹೋಗುತ್ತಿದೆ ಎಂಬ ಪ್ರಶ್ನೆಗಳನ್ನು ಪ್ರತಿ ರಾತ್ರಿ ಕೇಳಿಕೊಳ್ಳಬೇಕು. ಹಸಿಯೆಂಡಾದವರು ಅವನ್ನು ಕೇಳಿಕೊಂಡದ್ದು ತಡವಾಗಿ. ಲಾಭದ ಲೆಕ್ಕದಿಂದಲೇ ಹೊರಟಿದ್ದರೆ ಅಲ್ಲಿ ನಡೆದ ಪ್ರಯೋಗಗಳಲ್ಲಿ ಬಹುಪಾಲಿಗೆ ಎಡೆಯೇ ಸಿಗುತ್ತಿರಲಿಲ್ಲ. ಜನರ ಸುರಕ್ಷತೆಯ ಲೆಕ್ಕವನ್ನು ಮೊದಲ ದಿನದಿಂದಲೇ ಇಟ್ಟಿದ್ದರೆ ಆ ಪ್ರಯೋಗಗಳು ಇನ್ನಷ್ಟು ಕಾಲ ನಡೆಯುತ್ತಿದ್ದವು. ನಗರದ ಕಲೆಗೆ ಮನೆ ಕಟ್ಟಲು ಹೊರಡುವವರಿಗೆ ಈ ಎರಡು ಪಾಠಗಳೂ ಬೇಕು.